ಹುಣಸೆಹಣ್ಣಿಗೆ ಹೊಳೆದ ಬಿಲ್ಲೆ

ಝಿಯಾಉದ್ದೀನನ ಜೀವ ಬಾಯಿಗೆ ಬಂತು. ಸಿಂಕಿನ ಪಕ್ಕದ ತಟ್ಟೆಯಲ್ಲಿ ಅವನ ಅಮೆರಿಕದ ತಾಮ್ರದ ಬಿಲ್ಲೆ ಹೊಸ ಚೊಂಬಿನಂತೆ ಥಳಥಳ ಹೊಳೆಯುತ್ತಿತ್ತು. ಪಕ್ಕದಲ್ಲೇ ಹಿಂಡಿದ ಹುಣಸೆಹಣ್ಣು, ಉಪ್ಪು.

“ಮಾಜಿದಾ! ಎಂತ ಮಾಡಿಟ್ಟೆ ಇದು?”

“ತಿಕ್ಕಿದೆ. ನೆವಿಲ್ ನಾಲ್ಕು ಗಂಟೆಗೆ ಬರ್ತಾರಲ್ಲ? ಅಷ್ಟು ಕಪ್ಪು ಹಿಡಿದದ್ದನ್ನು ಮನೆಗೆ ಬಂದವರ ಕೈಗೆ ಕೊಡುದಾ?”

ಭಟ್ಕಳದಲ್ಲಿ ತಾಮ್ರ ಕಂಡಲ್ಲೆಲ್ಲ ಹುಣಸೆಹಣ್ಣು ಹಿಡಿದು ಕೂರುತ್ತಿದ್ದ ಅವನ ಹೆಂಡತಿ, ಕೊಲ್ಲಿ ನಾಡಿನ ಸಿಲಿಕಾನ್ ಓಯಸಿಸ್‌ನ ಹನ್ನೊಂದನೇ ಮಹಡಿಗೆ ಬಂದರೂ ಬದಲಾಗಿರಲಿಲ್ಲ.

ಹಳೇ ನಾಣ್ಯ ಕೂಡಿಡುವವರಿಗೆ ಆ ಕಪ್ಪೇ ಅದರ ಮರ್ಯಾದೆ ಎಂದು ಇವಳಿಗೆ ಹೇಳುವವರು ಯಾರು! ನೂರೈವತ್ತು ವರ್ಷಗಳ ಹಿಂದೆ ಅಮೆರಿಕದ ಗಣಿ ಊರುಗಳಲ್ಲಿ ಚಿಲ್ಲರೆಗೆ ತತ್ವಾರವಾದಾಗ ಅಂಗಡಿಯವರು ತಮ್ಮದೇ ಬಿಲ್ಲೆ ಹೊಡೆಸಿದ್ದರು. ಇದನ್ನು ಕೊಟ್ಟರೆ ಒಂದು ಬ್ರೆಡ್. ಸರ್ಕಾರದ ಮುದ್ರೆಯಿಲ್ಲ, ಬರೀ ಅಂಗಡಿಯವನ ಮಾತಿನ ಮೇಲೆ ಓಡಿದ ದುಡ್ಡು. ವ್ಯಾಪಾರಿಗಳ ಮನೆಯ ಝಿಯಾಉದ್ದೀನ್ ಅದಕ್ಕೇ ಮರುಳಾಗಿದ್ದ. ಅಬುಧಾಬಿಯ ಆಸ್ಪತ್ರೆಯಲ್ಲಿ ಕೆಲಸ ಮಾಡುವ ಗೆಳೆಯ ನೆವಿಲ್ ಇನ್ನೂ ಹೆಚ್ಚು ಮರುಳಾಗಿ, ತೀರಿಹೋದ ಅಪ್ಪ ಹಡಗಿನಲ್ಲಿ ಬಳಸಿದ ದಿಕ್ಸೂಚಿಯನ್ನೇ ಇದರ ಬದಲಿಗೆ ಕೊಡಲು ಇವತ್ತು ಬರುತ್ತಿದ್ದ.

ಬೈಯುತ್ತಲೇ ಬಿಲ್ಲೆಯನ್ನು ಬೆಳಕಿಗೆ ಹಿಡಿದ. ಬೈಗುಳ ಅರ್ಧಕ್ಕೇ ನಿಂತಿತು. ಇಷ್ಟು ವರ್ಷ ಕಪ್ಪು ತುಂಬಿದ್ದ ಅಂಚಿನಲ್ಲಿ, ಇದು ನಕಲು ಎಂದು ಸಾರುವ ನಾಲ್ಕು ಸಣ್ಣ ಇಂಗ್ಲಿಷ್ ಅಕ್ಷರಗಳು. ಕನ್ನಡಕ ಒರೆಸಿ ನೋಡಿದ. ಅವೇ. ಇದನ್ನು ಅವನಿಗೆ ಮಾರಿದವನು ಅಕ್ಷರಗಳಿಗೆ ಮಸಿ ತುಂಬಿ ಟೋಪಿ ಹಾಕಿದ್ದ. ಸ್ಟೂಲು ಎಳೆದು ಕೂತ.

ಮಾಜಿದಾ ಅತ್ತೇಬಿಟ್ಟಳು. “ಖಲಾಸ್, ಸಾಕು, ಬೈಬೇಡಿ. ಗ್ಯಾಸಿನ ಮೇಲೆ ಹಿಡಿದರೆ ಮತ್ತೆ ಕಪ್ಪಾಗ್ತದೆ. ತಿಕ್ಕಿದ್ದು ಅವರಿಗೆ ಗೊತ್ತೇ ಆಗ್ಲಿಕ್ಕಿಲ್ಲ.”

ಪಾಪ, ಅವಳು ಅಕ್ಷರ ನೋಡಿರಲಿಲ್ಲ. ಅವನು ನೋಡಿದ್ದ. ನೋಡಿಯೂ ಎದ್ದ, ಇಕ್ಕಳ ತೆಗೆದ, ಒಲೆ ಹಚ್ಚಿದ. ಅಂಚು ನಿಧಾನಕ್ಕೆ ಕಪ್ಪಾಗತೊಡಗಿತು.

ಬೆಲ್ ಆಯಿತು.

ಝಿಯಾಉದ್ದೀನ್ ಬೆಚ್ಚಿಬಿದ್ದು ತನ್ನ ಕೈ ನೋಡಿಕೊಂಡ. ಹತ್ತು ವರ್ಷದ ಗೆಳೆಯನಿಗೆ ಟೋಪಿ ಹಾಕಲು ಈ ಕೈಗೆ ಅರ್ಧ ನಿಮಿಷವೂ ಬೇಕಾಗಲಿಲ್ಲವಲ್ಲ! ನಕಲು ಎಂದು ಗೊತ್ತಾದಾಗ ಆಗದಿದ್ದ ಭಯ ಈಗ ಆಯಿತು. ಬಿಲ್ಲೆ ಕಚ್ಚಿದ್ದ ಇಕ್ಕಳ ಹಿಡಿದೇ ಹೋಗಿ ಬಾಗಿಲು ತೆಗೆದ.

“ಎಂಥ ಮಾರಾಯ, ಮುಖ ಹೀಗೆ ಬಿಳುಚಿದೆ!” ನೆವಿಲ್ ನಗುತ್ತ ಬಿಲ್ಲೆಗೆ ಕೈ ಚಾಚಿದ.

“ಮುಟ್ಟಬೇಡ, ಸುಡ್ತದೆ. ಇದು ನಕಲಿ. ನಿನಗೆ ಕೊಡ್ಲಿಕ್ಕೆ ಅಂತ ಈಗ ಕಪ್ಪು ಮಾಡ್ತಾ ಇದ್ದೆ.”

ನೆವಿಲ್ ಅಪ್ಪನ ದಿಕ್ಸೂಚಿಯನ್ನು ಎದೆಗೆ ಅವಚಿಕೊಂಡು ಹೊಸ್ತಿಲ ಆಚೆಯೇ ನಿಂತ.