ಸೆರಗು ಮೂಸುವ ಗೌರಮ್ಮ

ಬಸವನಗುಡಿಯಲ್ಲಿ ನಡೆಯುತ್ತಿದ್ದ ಕಥೆ ಬರೆಯುವ ತರಗತಿಯ ಕೊನೆಯ ದಿನ ಮನೆಯವರೂ ಬರಬಹುದಿತ್ತು. ಶಶಿರೇಖಾ ಯಾರನ್ನೂ ಕರೆದಿರಲಿಲ್ಲ. ಆದರೂ ಅತ್ತೆ ಚಿಕ್ಕಮುನಿಯಮ್ಮ ಗಾಂಧಿಬಜಾರಿನಲ್ಲಿ ಅವರೆಕಾಯಿ ಕೊಂಡು, ಚೀಲ ಸಮೇತ ಬಂದು ಹಿಂದಿನ ಸಾಲಿನಲ್ಲಿ ಕೂತುಬಿಟ್ಟಿದ್ದರು.

ಅವತ್ತು ಶಶಿರೇಖಾ ತನ್ನ ಕಥೆ ಓದಬೇಕಿತ್ತು. ಕಥೆಯಲ್ಲಿದ್ದದ್ದು ಇದೇ ಅತ್ತೆ. ತಮ್ಮ ಮನೆಯಿದ್ದ ಗವಿಪುರವನ್ನು ಮಲ್ಲೇಶ್ವರ ಮಾಡಿದ್ದಳು, ಹೆಸರನ್ನು ಗೌರಮ್ಮ ಎಂದು ಬದಲಿಸಿದ್ದಳು. ಆದರೆ ಸೊಗಡು ನೋಡಲು ಅವರೆಕಾಯಿ ಮೂಸುವ ಹಾಗೆಯೇ, ಹೊರಗೆ ಹೋಗಿಬಂದ ಸೊಸೆಯ ಸೆರಗನ್ನೂ ಮೂಸುವ ಆ ಹಾಳು ಚಾಳಿಯನ್ನು ಮಾತ್ರ ಇದ್ದದ್ದು ಇದ್ದ ಹಾಗೇ ಬರೆದಿದ್ದಳು.

ಬೇರೆ ದಾರಿಯಿಲ್ಲದೆ ಓದಿದಳು. ಮೂಗಿನ ಹತ್ತಿರ ಅವರೆಕಾಯಿ ಹಿಡಿದಿದ್ದ ಅತ್ತೆಯ ಕೈ ಅಲ್ಲೇ ನಿಂತಿತು.

“ಆ ಮುದುಕಿ ಯಾಕಮ್ಮ ಮೂಸ್ತಾಳೆ?” ಮೇಷ್ಟ್ರು ಕೇಳಿದರು. “ಕಾರಣ ಇಲ್ದೆ ಪಾತ್ರ ಏನೂ ಮಾಡಬಾರದು ಅಂತ ಮೊದಲ್ನೇ ದಿನಾನೇ ಹೇಳಿದ್ನಲ್ಲ?”

“ಸೊಸೆ ಮೇಲೆ ಅನುಮಾನ ಸಾರ್.”

“ಅನುಮಾನ ಎಲ್ಲಿಂದ ಬಂತು?”

ಅದನ್ನು ಶಶಿರೇಖಾ ಯಾವತ್ತೂ ಯೋಚಿಸಿರಲಿಲ್ಲ.

ಹಿಂದೆ ಕುರ್ಚಿ ಸರಿದ ಸದ್ದಾಯಿತು. ಚಿಕ್ಕಮುನಿಯಮ್ಮ ಎದ್ದು ನಿಂತಿದ್ದರು. ಇವತ್ತು ಮಾನ ಹೋಯಿತು ಅಂದುಕೊಂಡಳು ಶಶಿರೇಖಾ.

“ನಾನ್ ಹೇಳ್ತೀನಿ ಮೇಷ್ಟ್ರೇ. ಆ ಗೌರಮ್ಮನ ಗಂಡ ಒಂದಿನ ಯಾರ್ದೋ ಮಲ್ಲಿಗೆ ವಾಸನೆ ಹೊತ್ಕೊಂಡು ಮನೆಗೆ ಬಂದ. ಮೂಗಿಗೆ ಬಡೀತು. ಆದ್ರೂ ಏನೂ ಕೇಳ್ದೆ ಸುಮ್ನಾದ್ಲು. ಮಾರ್ನೇ ದಿನ ಹೋದೋನು ಇನ್ನೂ ಬಂದಿಲ್ಲ.”

ಅವರು ಸೊಸೆಯ ಕಡೆ ತಿರುಗಿದರು.

“ನೀನೂ ಹಂಗೇ ಹೊರಟೋಗ್ತೀಯೇನೋ ಅಂತ ಮೂಸ್ತಾಳೆ ಕಣೆ. ಅನುಮಾನ ಅಲ್ಲ, ಭಯ. ತಿದ್ಕೋ.”