ಹಸಿರು ಪೈಪು

"ಕೋವಿ ಮನೇಲೇ ಇದೆ. ಇನ್ನೆಲ್ಲಿಗೆ ಹೋಗುತ್ತೆ?" ಎಂದು ನಾನು ಗಡಸಾಗಿಯೇ ಹೇಳಿದೆ. ರವೀಂದ್ರನಗರದ ನಮ್ಮ ಮನೆಗೆ ಪೊಲೀಸರು ಬಂದದ್ದು ಅದೇ ಮೊದಲು. ಎದುರುಮನೆಯ ಕಿಟಕಿ ಪರದೆ ಆಗಲೇ ಸರಿದಿತ್ತು. ನಮ್ಮ ಕುಕ್ಕರ್ ಎಷ್ಟು ಸಲ ಕೂಗಿತು ಎಂಬುದೂ ಈ ಬೀದಿಯವರಿಗೆ ಬೇಕು.

ಬಂದವಳು ಭದ್ರಾವತಿಯ ಸಬ್ ಇನ್ಸ್‌ಪೆಕ್ಟರ್ ಅಕ್ಷರಾ. ನನ್ನ ಗಂಡ ಷಡಕ್ಷರಪ್ಪನವರ ಹೆಸರಿನಲ್ಲಿದ್ದ ಒಂಟಿ ನಳಿಗೆಯ ಕೋವಿಯನ್ನು ಕೇಳಿಕೊಂಡು ಬಂದಿದ್ದಳು. ಸೋಗಾನೆಯ ಹೊಲಕ್ಕೆ ಹಂದಿ ನುಗ್ಗುತ್ತಿದ್ದ ಕಾಲದಲ್ಲಿ ಮಾವನವರು ಇವರ ಹೆಸರಿನಲ್ಲಿ ಅದಕ್ಕೆ ಪರವಾನಗಿ ಮಾಡಿಸಿದ್ದರು. ಆಮೇಲೆ ಹೊಲ ವಿಮಾನ ನಿಲ್ದಾಣಕ್ಕೆ ಹೋಯಿತು, ಕೋವಿ ಮಾತ್ರ ನಮ್ಮ ಬೀರುವಿನಲ್ಲಿ ಉಳಿಯಿತು. ಕಳೆದ ವರ್ಷ ಇವರು ಹೃದಯಾಘಾತದಿಂದ ತೀರಿಕೊಂಡಾಗಲೇ ನಾನು ಅದನ್ನು ಠಾಣೆಗೆ ಒಪ್ಪಿಸಬೇಕಿತ್ತು. ನಾಳೆ ಕೊಟ್ಟರಾಯಿತು, ನಾಡಿದ್ದು ಕೊಟ್ಟರಾಯಿತು ಎಂದು ಕಾಲ ತಳ್ಳಿದ್ದೆ.

ಬೀರು ತೆಗೆದು ಕ್ಯಾನ್ವಾಸ್ ಚೀಲವನ್ನು ಎರಡೂ ಕೈಯಲ್ಲಿ ಹಿಡಿದು ತಂದೆ. ಹೋದ ಆಯುಧಪೂಜೆಯ ವಿಭೂತಿ ಅದರ ಮೇಲೆ ಇನ್ನೂ ಇತ್ತು. ನಮ್ಮ ಮನೆಯಲ್ಲಿ ಕೋವಿಯ ಚೀಲವನ್ನು ಹೆಂಗಸರು ಬಿಚ್ಚುವುದಿಲ್ಲ. ಮೇಲೆಯೇ ಮೂರು ಬೆರಳಿನಲ್ಲಿ ವಿಭೂತಿ ಎಳೆದು, ಹೂವಿಟ್ಟು ಕೈ ಮುಗಿಯುವುದು ಅತ್ತೆಯ ಕಾಲದ ಪದ್ಧತಿ.

ಅಕ್ಷರಾ ಚೀಲ ಬಿಚ್ಚಿದಳು. ಒಳಗೆ ಕೋವಿ ಇರಲಿಲ್ಲ. ಹಸಿರು ಬಣ್ಣ ಬಳಿದ ಒಂದು ಕಬ್ಬಿಣದ ಪೈಪಿತ್ತು. ಕೋವಿಯಷ್ಟೇ ಉದ್ದ, ಕೋವಿಯಷ್ಟೇ ಭಾರ. ಹಿಡಿಯ ಕಡೆ ದಪ್ಪ ಕಾಣಲೆಂದು ಇನ್ನೆರಡು ತುಂಡು ವೆಲ್ಡಿಂಗ್ ಮಾಡಿ, ಹಳೆಯ ಪಂಚೆ ಸುತ್ತಿದ್ದರು. ಪಂಚೆ ಇವರದೇ.

ಎರಡು ಆಯುಧಪೂಜೆಗಳಲ್ಲಿ ನಾನು ಪೈಪಿಗೆ ಕೈ ಮುಗಿದಿದ್ದೆ. ಮೊದಲ ವರ್ಷ ಇವರೂ ನನ್ನ ಪಕ್ಕದಲ್ಲೇ ನಿಂತು ಮುಗಿದಿದ್ದರು.

"ಕೂತ್ಕೊಳ್ಳಿ ಅಮ್ಮ," ಎಂದಳು ಅಕ್ಷರಾ. ಆಮೇಲೆ ವಿಷಯ ಹೇಳಿದಳು. ಭದ್ರಾವತಿಯ ಒಂದು ಮನೆಯಲ್ಲಿ ಹೆಂಗಸೊಬ್ಬಳು ಗುಂಡು ತಗುಲಿ ಸತ್ತಿದ್ದಾಳೆ. ಪಕ್ಕದಲ್ಲಿ ಸಿಕ್ಕ ಕೋವಿಯ ನಂಬರನ್ನು ಅರದಿಂದ ಉಜ್ಜಿ ಹಾಕಿದ್ದರಂತೆ. ಲ್ಯಾಬಿನವರು ಅದನ್ನು ಹೇಗೋ ಓದಿದರು, ನಂಬರು ಇವರ ಹೆಸರಿಗೆ ಬಂದು ನಿಂತಿತು. "ಅವಳೇ ಹೊಡ್ಕೊಂಡ್ಲು, ಕೋವಿ ಅವಳ ತವರುಮನೆದು ಅಂತಾನೆ ಗಂಡ. ಅವಳ ತಾಯಿ ಹೂವಮ್ಮ ಅಂತ, ಪಾಪ, ನಾವು ಕೋವಿ ಕಂಡೋರೇ ಅಲ್ಲ ಅಂತ ದಿನಾ ಠಾಣೆಗೆ ಬಂದು ಕೂರ್ತಾರೆ. ಗಂಡನ ಹೆಸರು ಪರಶುರಾಮ, ಗ್ರಿಲ್ ಕೆಲಸದವನು. ಸತ್ತವಳು ಪುಷ್ಪಾ. ನಿಮಗೆ ಗೊತ್ತಾ?"

"ಗೊತ್ತಿಲ್ಲ," ಎಂದೆ. ಬಾಯಿಗೆ ಬಂದದ್ದು ಅದು.

"ಕಳವಾಗಿತ್ತೋ, ಇಲ್ಲಾ ಯಜಮಾನ್ರು ಯಾರಿಗೂ ತಿಳಿಸ್ದೆ ಮಾರಿದ್ರೋ, ಯೋಚ್ನೆ ಮಾಡಿ ನಾಳೆ ಬನ್ನಿ. ಕೋವಿ ಇಟ್ಕೊಂಡೋರ ಹೆಸರು ನಾವು ಹೊರಗೆ ಬಿಡಲ್ಲ. ಆದ್ರೆ ಕೋರ್ಟಿಗೆ ಹೋದ್ಮೇಲೆ ನನ್ನ ಕೈಲಿಲ್ಲ." ಪೈಪನ್ನು ವಶಕ್ಕೆ ತೆಗೆದುಕೊಂಡು ಹೊರಟಳು.

ನಾನು ಮಹಡಿ ಮೆಟ್ಟಿಲು ಹತ್ತಿ ತಾರಸಿ ಬಾಗಿಲಿನ ಮುಂದೆ ನಿಂತೆ. ಅಲ್ಲಿನ ಗ್ರಿಲ್ಲಿಗೂ ಅದೇ ಪೈಪು, ಅದೇ ಗಿಳಿ ಹಸಿರು. ಮಗಳಿಗೆ ಇಷ್ಟವಾದ ಬಣ್ಣವೆಂದು ಇವರೇ ಹೇಳಿ ಹಾಕಿಸಿದ್ದು.

ಲೋಕಸಭೆ ಚುನಾವಣೆಗೆಂದು ಠಾಣೆಯಲ್ಲಿಟ್ಟಿದ್ದ ಕೋವಿ ಮನೆಗೆ ಮರಳಿದ ವರ್ಷವೇ ನಮ್ಮ ಸ್ಫೂರ್ತಿ ಡೆಂಗ್ಯೂ ಜ್ವರದಲ್ಲಿ ಹೋದಳು. ಆರನೇ ಕ್ಲಾಸಿನ ಹುಡುಗಿ. ಆಮೇಲೆ ನಾನು ಹಗಲಿಡೀ ಆ ಬೀರುವಿನ ಮುಂದೆ ನೆಲದ ಮೇಲೆ ಕೂರುತ್ತಿದ್ದೆ. ಯಾಕೆ ಕೂರುತ್ತೇನೆಂದು ಇವರು ಕೇಳಲಿಲ್ಲ, ನಾನು ಹೇಳಲಿಲ್ಲ. ಒಂದು ದಿನ ತಾರಸಿಗೆ ಗ್ರಿಲ್ ಹಾಕಲು ಪರಶುರಾಮನನ್ನು ಕರೆತಂದರು. "ಮಂಗಗಳ ಕಾಟ ಜಾಸ್ತಿ ಆಯ್ತು ಕಣೇ," ಎಂದರು. ಗ್ರಿಲ್ಲಿನ ಬೀಗದ ಕೈ ತಮ್ಮ ಜೇಬಿನಲ್ಲೇ ಇಟ್ಟುಕೊಂಡರು.

ಮಂಗಗಳಿಗಲ್ಲ, ಅದು ನನಗೆ ಹಾಕಿಸಿದ ಗ್ರಿಲ್ ಎಂದು ಅಕ್ಷರಾ ಬಂದುಹೋದ ಆ ಮಧ್ಯಾಹ್ನ ಗೊತ್ತಾಯಿತು. ಕೋವಿಯನ್ನು ಠಾಣೆಗೆ ಒಪ್ಪಿಸಿದ್ದರೆ ಯಾಕೆಂದು ಕೇಳುತ್ತಿದ್ದರು. ಷಡಕ್ಷರಪ್ಪನ ಹೆಂಡತಿಗೆ ತಲೆ ಸರಿಯಿಲ್ಲ ಎಂದು ಊರೆಲ್ಲ ಆಡಿಕೊಳ್ಳುತ್ತಿತ್ತು. ಅದಕ್ಕೇ ಕೈಗೆ ಸಿಕ್ಕ ಗ್ರಿಲ್‌ನವನಿಗೆ ಗುಟ್ಟಾಗಿ ಮಾರಿ, ಅವನ ಕೈಯಲ್ಲೇ ಪೈಪು ಮಾಡಿಸಿದ್ದರು. ನನಗೆ ಸಿಟ್ಟು ನೆತ್ತಿಗೇರಿತು. ಭದ್ರಾ ಕಾಲುವೆ ಇರಲಿಲ್ಲವೇ, ಮಾರಾಯ? ಅದರಲ್ಲಿ ಎಸೆಯಬಾರದಿತ್ತೇ? ಗ್ರಿಲ್ ಹಿಡಿದುಕೊಂಡು ಅಲ್ಲೇ ಅತ್ತೆ.

ಪುಷ್ಪಾ ನನಗೆ ಚೆನ್ನಾಗಿಯೇ ಗೊತ್ತಿದ್ದಳು. ಗ್ರಿಲ್ ಕೆಲಸ ನಡೆಯುವಾಗ ಗಂಡನಿಗೆ ಬುತ್ತಿ ತರುತ್ತಿದ್ದಳು. ಬೀರುವಿನ ಮುಂದೆ ಕೂತಿದ್ದ ನನ್ನನ್ನು ಕಂಡು, ಕೇಳದೆಯೇ ಅಡುಗೆಮನೆಗೆ ಹೋಗಿ ತಟ್ಟೆ ತಂದು, ಅವರ ಬುತ್ತಿಯಿಂದಲೇ ಬಡಿಸಿದಳು. "ಒಂದು ತುತ್ತು ಅಕ್ಕ, ನನಗೋಸ್ಕರ," ಎಂದು ಬಾಯಿಗೆ ಹಿಡಿದಳು. ಎಷ್ಟೋ ದಿನದ ಮೇಲೆ ನಾನು ಹೊಟ್ಟೆ ತುಂಬ ಉಂಡದ್ದು ಅವಳ ಕೈಯಿಂದ. ಅವಳು ಕೂತಿದ್ದ ಜಾಗಕ್ಕೂ ಕೋವಿಗೂ ನಡುವೆ ಬೀರುವಿನ ಬಾಗಿಲೊಂದೇ ಇತ್ತು.

ಸಂಜೆಯಿಂದ ಮನೆಯಲ್ಲಿ ಆ ದನಿ ಬಿಡಲಿಲ್ಲ. ದೀಪ ಹಚ್ಚಿದರೂ ಒಂದು ತುತ್ತು ಅಕ್ಕ, ಟಿ.ವಿ. ಹಾಕಿದರೂ ಒಂದು ತುತ್ತು ಅಕ್ಕ. ಊಟಕ್ಕೆ ತಟ್ಟೆ ತೆಗೆಯಲು ಹೋದೆ. ಯಾವ ತಟ್ಟೆಯಲ್ಲಿ ಅವಳು ಬಡಿಸಿದ್ದಳೋ ನೆನಪಾಗದೆ, ಯಾವುದನ್ನೂ ಮುಟ್ಟಲಾರದೆ ಬಂದೆ. ಕಳವಾಯಿತು ಎಂದುಬಿಟ್ಟರೆ ಇವರ ಹೆಸರು ಉಳಿಯುತ್ತದೆ, ನನ್ನ ಮಾನ ಉಳಿಯುತ್ತದೆ, ಪರಶುರಾಮ ಉಳಿಯುತ್ತಾನೆ. ಕೋವಿ ತವರಿನದೆಂಬ ಅವನ ಮಾತು ನಿಂತು, ಹೂವಮ್ಮ ಉಳಿಯುವುದಿಲ್ಲ.

ಮರುದಿನ ಬಸ್ಸು ಹತ್ತಿ ಭದ್ರಾವತಿಗೆ ಹೋದೆ. ಠಾಣೆಯ ಬೆಂಚಿನ ಮೇಲೆ ಒಬ್ಬ ಮುದುಕಿ ಸೆರಗು ಹೊದ್ದು ಕೂತಿದ್ದಳು. ಮುಖದಲ್ಲಿ ಪುಷ್ಪಾಳ ಅದೇ ಅಗಲ ಹಣೆ. ನಾನು ತಲೆ ತಗ್ಗಿಸಿ ಒಳಗೆ ಹೋದೆ.

"ನಮ್ಮನೆಯವರು ಪರಶುರಾಮಂಗೆ ಮಾರಿದ್ದಾರೆ, ಮೇಡಂ. ನಿನ್ನೆ ಸುಳ್ಳು ಹೇಳ್ದೆ. ಆ ಪೈಪು ಅವನೇ ಮಾಡಿದ್ದು. ಅದರ ಜೊತೆಯ ಪೈಪು ನಮ್ಮ ತಾರಸಿ ಗ್ರಿಲ್‌ನಲ್ಲಿದೆ, ಬಂದು ಹೊಂದಿಸಿ ನೋಡಿ," ಎಂದೆ.

"ಯಾಕೆ ಮಾರಿದ್ರು?"

"ಅದು ನನ್ನ ಕೈಗೆ ಸಿಗಬಾರ್ದು ಅಂತ."

ಅಕ್ಷರಾ ಬರೆಯುವುದನ್ನು ನಿಲ್ಲಿಸಿದಳು. ದನಿ ತಗ್ಗಿಸಿ, "ಇದನ್ನ ಬಿಟ್ಟು ಬರೀಲಾ ಅಮ್ಮ?" ಎಂದಳು.

"ಬೇಡ, ಬರೀರಿ. ಇದನ್ನ ಬಿಟ್ರೆ, ಮರ್ಯಾದಸ್ಥ ಮನುಷ್ಯ ಕದ್ದುಮುಚ್ಚಿ ಯಾಕೆ ಮಾರಿದ ಅಂತ ಅವನ ವಕೀಲ ಕೇಳ್ತಾನೆ. ಆಗ ನನ್ನ ಮಾತು ಯಾರೂ ನಂಬಲ್ಲ."

ಬಾಗಿಲು ತೆರೆದೇ ಇತ್ತು. ಹೊರಗೆ ಬಂದಾಗ ಹೂವಮ್ಮ ಎದ್ದು ನಿಂತಿದ್ದಳು, ಎಲ್ಲ ಕೇಳಿಸಿಕೊಂಡಿದ್ದಳು. ಬಯ್ಯಲಿ ಎಂದು ಕಾದೆ. ಬೈದಿದ್ದರೆ ಹಗುರವಾಗುತ್ತಿತ್ತು.

"ನನ್ನ ಮಗಳು ನಿಮ್ಮನೆಗೆ ಬಂದಿದ್ಲಾ ಅಮ್ಮಾ?"

"ಬಂದಿದ್ಲು. ನನಗೆ ಊಟ ಮಾಡಿಸಿದ್ಲು."

"ಏನು ತಂದಿದ್ಲು?"

"ರೊಟ್ಟಿ, ಬದ್ನೆಕಾಯಿ ಎಣ್ಗಾಯಿ."

"ಎಣ್ಗಾಯಿ ನಾನೇ ಕಲ್ಸಿದ್ದು," ಎಂದು ಹೂವಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ನನ್ನನ್ನು ನೋಡದೆ, "ನಿಮ್ಮ ಯಜಮಾನ್ರು ನಿಮ್ಮನ್ನ ಉಳಿಸ್ಕೊಳ್ಳೋಕೆ ಅದನ್ನ ಮನೆಯಿಂದ ಹೊರಗೆ ಕಳ್ಸಿದ್ರು. ನನ್ನ ಮಗಳ ಮನೇಲಿ ಹಂಗೆ ಕಳ್ಸೋರು ಯಾರೂ ಇರ್ಲಿಲ್ವಲ್ಲಮ್ಮ," ಎಂದಳು.

ಅವಳು ಬೆಂಚಿನಲ್ಲಿ ಸ್ವಲ್ಪ ಜರುಗಿ ಕೂತು, ನನಗೂ ಜಾಗ ಮಾಡಿದಳು.