ಬಾಮೈದನ ಆಂಪ್ಲಿಫೈಯರ್

"ಆ ಕೈ ಸ್ವಲ್ಪ ಜೇಬಲ್ಲಿಡಿ," ಎಂದ ಇನ್ಸ್‌ಪೆಕ್ಟರ್.

ಅಂಗಡಿಯವನು ನಗುತ್ತ ಹೊಸ ಆಂಪ್ಲಿಫೈಯರಿನಿಂದ ಕೈ ತೆಗೆದ. ಪಕ್ಕದ ಸಾಧಾರಣ ಸೆಟ್ಟಿನಿಂದ ಇದಕ್ಕೆ ಹಾಡು ಬದಲಾಯಿಸುವಾಗಲೆಲ್ಲ ಅವನ ಹೆಬ್ಬೆರಳು ವಾಲ್ಯೂಮ್ ಗುಂಡಿಯನ್ನು ಕೂದಲೆಳೆಯಷ್ಟು ತಿರುವುತ್ತಿತ್ತು. ಸದ್ದು ಒಂಚೂರು ಹೆಚ್ಚಾದರೆ ಸಾಕು, ಕೇಳುವವನಿಗೆ ಚೆನ್ನಾಗಿದೆ ಅನ್ನಿಸಿಬಿಡುತ್ತದೆ. ತಕ್ಕಡಿಯ ತಟ್ಟೆಗೆ ಬೆರಳೊತ್ತುವುದಕ್ಕೂ ಇದಕ್ಕೂ ಏನು ವ್ಯತ್ಯಾಸ? ತೂಕ ಮತ್ತು ಅಳತೆ ಇಲಾಖೆಯಲ್ಲಿ ತಲೆ ನರೆಸಿಕೊಂಡವನಿಗೆ ಇಷ್ಟೂ ಕಾಣದೆ ಹೋಗುತ್ತದೆಯೇ? ತಕ್ಕಡಿಯ ಮುಳ್ಳಿನಿಂದ ಕಣ್ಣು ಕೀಳುವುದಿಲ್ಲವೆಂದು ಪೇಟೆಯವರು ಅವನಿಗೆ ಮುಳ್ಳಪ್ಪ ಎಂದು ಹೆಸರಿಟ್ಟಿದ್ದರು. ಎದುರಿಗೆ ಮಾತ್ರ ಸಾರ್.

"ಮನೆಗೇ ತಗೊಂಡು ಹೋಗಿ ಸಾರ್. ಕೂತು ಕೇಳಿ. ಇಷ್ಟ ಆದ್ರೆ ಇಟ್ಕೊಳಿ, ನಿಮ್ಮ ಹಳೇದನ್ನ ನಾನೇ ತಗೋತೀನಿ."

ಹಳೆಯದು ಇವನಿಗೆ ಯಾಕಂತೆ? ದಾರಿಯುದ್ದಕ್ಕೂ ಅದೇ ಕೊರೆತ. ಆದರೂ ಪೆಟ್ಟಿಗೆ ಹೊತ್ತುಕೊಂಡೇ ಮನೆಗೆ ಬಂದ.

ಹೆಂಡತಿ ಪೆಟ್ಟಿಗೆಯನ್ನೂ ನೋಡಿದಳು, ಗಂಡನ ಮುಖವನ್ನೂ ನೋಡಿದಳು. "ಹಳೇದು ಏನಾಗುತ್ತೆ?"

"ಅಂಗಡಿಯವನು ತಗೋತಾನಂತೆ."

"ತಗೊಂಡು?"

"ಬಿಚ್ಚಿ ಒಳಗಿರೋ ತಾಮ್ರ ಮಾರ್ಕೋತಾನೆ. ಇನ್ನೇನು ಪೂಜೆ ಮಾಡ್ತಾನಾ?"

ಅವಳು ಮೇಜಿನ ಮೇಲಿದ್ದ ಹಳೆಯದರ ಕಡೆ ತಿರುಗಿದಳು. ಹಳೆಯ ಆಂಪ್ಲಿಫೈಯರನ್ನು ಕೈಯಾರೆ ಮಾಡಿದವನು ಅವಳ ತಮ್ಮ. ರೇಡಿಯೊ ರಿಪೇರಿ ಮಾಡಿಕೊಂಡಿದ್ದ. ತಾನೇ ತಂತಿ ಸುತ್ತಿ, ತಾನೇ ಮರದ ಬದಿಗಳನ್ನು ಉಜ್ಜಿ, ಅಕ್ಕ ಸ್ವಂತ ಮನೆಗೆ ಬಂದಾಗ ಹೊತ್ತು ತಂದು ಇದೇ ಮೇಜಿನ ಮೇಲೆ ಇಟ್ಟಿದ್ದ. ಆಮೇಲೆ ಭಾವನ ಬಾಯಿಂದ ಏನು ಬರುತ್ತದೋ ಎಂದು ಕುರ್ಚಿಯ ತುದಿಯಲ್ಲಿ ಕೂತಿದ್ದ. ಭಾವ ಹಿಂದೆ ಮುಂದೆ ತಿರುಗಿಸಿ ನೋಡಿ, "ಇಲ್ಲೊಂದು ಸ್ಕ್ರೂ ಸೊಟ್ಟ ಕೂತಿದೆ," ಎಂದ. ಅಷ್ಟೇ. ಆಮೇಲೆ ತಮ್ಮ ಕಾಯಿಲೆ ಬಿದ್ದ, ಹೋಗಿಯೂಬಿಟ್ಟ. ಆ ಸೊಟ್ಟ ಸ್ಕ್ರೂವಿನ ಮಾತು ಮಾತ್ರ ಅವಳ ಎದೆಯಲ್ಲಿ ಹಾಗೇ ಕೂತಿತ್ತು.

"ಕೆಟ್ಟಿಲ್ವಲ್ಲ ಅದು," ಎಂದಳು ಕೊನೆಗೆ. "ಹಳೇದಾಗಿದ್ರೆ ಒಳಗಿನ ನಾಲ್ಕು ಬಿಡಿಭಾಗ ಬದಲಾಯಿಸೋಣ. ಅವನೇ ಹೇಳಿದ್ದ, ಮುಂದೆ ಬೇಕಾಗುತ್ತೆ ಅಂತ."

"ಸದ್ದು ಮಂಕಾಗಿದೆ ಕಣೆ. ನಿಂಗೆ ಕೇಳ್ಸಲ್ಲ, ಯಾಕಂದ್ರೆ ನಿನ್ನ ತಮ್ಮಂದು."

"ನಿಮಗೆ ಕೇಳ್ಸುತ್ತೆ. ಅದೂ ನನ್ನ ತಮ್ಮಂದು ಅನ್ನೋದಕ್ಕೇ."

ಈ ಮಾತು ಅವನಿಗೆ ಚುರುಕ್ ಎಂದಿತು. ನನಗೆ ಪಕ್ಷಪಾತವೇ? ಸ್ವಂತ ಅಣ್ಣನ ಅಂಗಡಿಯ ತಕ್ಕಡಿಗೂ ಬೀಗಮುದ್ರೆ ಹಾಕಿ ಬಂದವನು ನಾನು. "ಆಯ್ತು, ಪರೀಕ್ಷೆ ಮಾಡೋಣ. ಯಾವುದು ಓಡ್ತಿದೆ ಅಂತ ನೋಡದೆ ನಾನು ಹೇಳ್ಬೇಕು. ತಪ್ಪಿದ್ರೆ ಹೊಸದು ವಾಪಸ್. ಸರಿ ಹೇಳಿದ್ರೆ ಹಳೇದು ಹೋಗುತ್ತೆ, ಅಳೋ ಹಾಗಿಲ್ಲ."

"ನಾನ್ಯಾಕೆ ಅಳಲಿ," ಎಂದಳು ಅವಳು.

ಮಧ್ಯಾಹ್ನ ಅವನು ಎರಡನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು, ಎರಡರ ಸದ್ದೂ ಒಂದೇ ಮಟ್ಟಕ್ಕೆ ಬರುವಂತೆ ಅಳೆದು, ಗುಂಡಿಗಳ ಮೇಲೆ ಪೆನ್ಸಿಲಿನಲ್ಲಿ ಗೀಟು ಹಾಕಿ, ಆರಿಸಿ, ಪ್ಲಗ್ಗುಗಳನ್ನು ಕಿತ್ತು ಸುತ್ತಿಟ್ಟ. ಸ್ಪೀಕರಿನ ತಂತಿಗಳಿಗೆ ಪಿನ್ನು ಕೂಡಿಸಿ, ಇದರಿಂದ ಕಿತ್ತು ಅದಕ್ಕೆ ಚುಚ್ಚುವುದು ಹೇಗೆಂದು ಹೆಂಡತಿಗೆ ತೋರಿಸಿಕೊಟ್ಟ. ಪಿನ್ನು ಕೂತಾಗ ಟಕ್ ಎನ್ನುತ್ತಿತ್ತು. ಅವಳು ಒಂದೇ ಸಲಕ್ಕೆ ಕಲಿತುಬಿಟ್ಟದ್ದು ಯಾಕೋ ಅವನಿಗೆ ಸರಿಕಾಣಲಿಲ್ಲ.

"ಗೀಟು ಅಲ್ಲಾಡಿದ್ರೆ ನಂಗೆ ಗೊತ್ತಾಗುತ್ತೆ."

"ಗೊತ್ತು ಮಾರಾಯ್ರೆ. ಊಟ ಮಾಡಿ ಮೊದಲು."

ಊಟಕ್ಕೆ ಕೂತಾಗ ಅವನಿಗೆ ಹುರುಪು ಬಂತು. ಆಫೀಸಿನಲ್ಲಿ ಹೊಸದಾಗಿ ಸೇರಿದವರನ್ನು ತಾನು ಗೋಳು ಹೊಯ್ದುಕೊಳ್ಳುವ ಕಥೆ ತೆಗೆದ. ಕಣ್ಣು ಮುಚ್ಚಿಸಿ ಅಂಗೈ ಮೇಲೆ ಒಂದು ತೂಕದ ಬಟ್ಟು ಇಡುವುದು, ತೆಗೆಯುವುದು, ಮತ್ತೆ ಅದೇ ಬಟ್ಟನ್ನು ಇಡುವುದು. ಯಾವುದು ಭಾರ ಎಂದು ಕೇಳುವುದು. "ಎಲ್ಲರೂ ಒಂದನ್ನ ಭಾರ ಅಂದೇ ಅಂತಾರೆ. ಎರಡೂ ಒಂದೇ ಅಂದವನು ಈವರೆಗೂ ಸಿಕ್ಕಿಲ್ಲ, ಪೆದ್ದುಮುಂಡೇವು," ಎಂದು ನಕ್ಕ. ಹೆಂಡತಿ ಈ ಕಥೆಯನ್ನು ಎಷ್ಟು ಸಲ ಕೇಳಿದ್ದಳೋ. ಈ ಸಲ ತುತ್ತನ್ನು ಕೈಯಲ್ಲೇ ಹಿಡಿದು ಪೂರ್ತಿ ಕೇಳಿಸಿಕೊಂಡಳು.

ಬಿಸಿಲು ಇಳಿದ ಮೇಲೆ ಪರೀಕ್ಷೆ ಶುರುವಾಯಿತು. ಅವನು ಮೇಜಿಗೆ ಬೆನ್ನು ಹಾಕಿ, ಸ್ಪೀಕರುಗಳಿಗೆ ಮುಖ ಮಾಡಿ ಕೂತ.

"ಶೋಕೇಸಿನ ಗಾಜಲ್ಲಿ ಮೇಜು ಕಾಣ್ತಿದೆ," ಎಂದಳು ಹೆಂಡತಿ.

"ನಾನೇನು ಕದ್ದು ನೋಡ್ತೀನಾ?"

"ನೀವೇ ತಾನೆ ಹೇಳೋದು, ಯಾರನ್ನೂ ನಂಬಬಾರದು ಅಂತ." ಟವೆಲು ತಂದು ಕಣ್ಣಿಗೆ ಬಿಗಿಯಾಗಿ ಕಟ್ಟಿದಳು.

ಹಾಡು ಶುರುವಾಯಿತು. ಒಂದು ಹೆಣ್ಣುದನಿ, ಹಿಂದೆ ಪಿಟೀಲು. ಸ್ವಲ್ಪ ಹೊತ್ತಿಗೆ ನಿಂತಿತು. ಬೆನ್ನ ಹಿಂದೆ ಟಕ್, ಟಕ್. ಮತ್ತೆ ಅದೇ ಹಾಡು. ಅವನು ಮೈಯೆಲ್ಲ ಕಿವಿಯಾಗಿ ಕೇಳಿದ. ಮೊದಲನೆಯದು ಕಂಬಳಿ ಹೊದ್ದ ಹಾಗಿದೆ. ಎರಡನೆಯದರಲ್ಲಿ ಹಾಡುವವಳು ಉಸಿರು ತೆಗೆದುಕೊಳ್ಳುವುದೂ ಕೇಳುತ್ತಿದೆ. ಇದೇ ಹೊಸದು, ಸಂಶಯವೇ ಇಲ್ಲ.

"ಎರಡನೇದು ಹೊಸದು. ಇನ್ನೊಂದು ಸಲ ಹಾಕು."

ಟಕ್, ಟಕ್. ಈ ಸಲ ಮೊದಲು ಬಂದದ್ದು ಹೊಸದು. ಅವಳು ಅದಲು ಬದಲು ಮಾಡಿದ್ದಾಳೆ, ಕಿಲಾಡಿ. ಆದರೂ ಸಿಕ್ಕಿಬಿದ್ದಳು. ಅವನಿಗೆ ಖುಷಿ ತಡೆಯಲಿಲ್ಲ.

"ಸಾಕು, ಇದೇ. ಇನ್ನು ಕೇಳೋದೇ ಬೇಡ. ಆ ಪಿಟೀಲು ನೋಡು, ಕೋಣೆ ಒಳಗೇ ಕೂತು ನುಡಿಸಿದ ಹಾಗಿದೆ. ಇದನ್ನ ಮಾಡಿದೋನು ಕೆಲಸ ಗೊತ್ತಿರೋನು ಕಣೆ. ಅವನಿಗೆ ಕಿವಿ ಇದೆ. ಅಂಗಡಿಯವನು ಕಳ್ಳ ಇರಬಹುದು, ಆದ್ರೆ ಇದನ್ನ ಮಾಡಿದೋನ ಕೈಗೆ ಚಿನ್ನದ ಬಳೆ ತೊಡಿಸಬೇಕು."

ಹಿಂದಿನಿಂದ ಅಡುಗೆಮನೆಯ ಕಡೆಗೆ ಹೋಗುವ ಹೆಜ್ಜೆ ಸದ್ದು ಕೇಳಿತು, ಆಮೇಲೆ ನಲ್ಲಿ ತಿರುಗಿಸಿದ ಸದ್ದು. ಪಾಪ, ಸೋತಿದ್ದಾಳೆ. ಸಿಟ್ಟಿರಬೇಕು. ಹಳೆಯದನ್ನು ಅವಳ ಕಣ್ಣಮುಂದೆ ಹೊರಗೆ ಸಾಗಿಸುವುದು ಬೇಡ, ಈಗಲೇ ಕಟ್ಟಿಟ್ಟುಬಿಡೋಣ ಎಂದುಕೊಂಡು ಅವನು ಟವೆಲು ಬಿಚ್ಚಿ ಎದ್ದ.

ಹಾಡು ಇನ್ನೂ ನಡೆದಿತ್ತು. ಆರಿಸಲೆಂದು ಹೊಸದರ ಮೇಲೆ ಕೈಯಿಟ್ಟ. ಅದು ನೆಲದ ಕಲ್ಲಿನಷ್ಟು ತಣ್ಣಗಿತ್ತು. ದೀಪ ಹತ್ತಿರಲಿಲ್ಲ. ಅದರ ಪ್ಲಗ್ಗು ಮಧ್ಯಾಹ್ನ ಅವನೇ ಕಿತ್ತು ಸುತ್ತಿಟ್ಟಿದ್ದ ಹಾಗೆಯೇ ಸುರುಳಿಯಾಗಿ ಬಿದ್ದಿತ್ತು. ಸ್ಪೀಕರಿನ ತಂತಿಗಳೆರಡೂ ಹಳೆಯದರ ಬೆನ್ನಲ್ಲಿದ್ದವು.

ಪೇಟೆಯ ಎಷ್ಟು ಜನರ ಕೈಚಳಕ ಹಿಡಿದುಹಾಕಿದವನು ಅವನು. ಈಗ ಹೆಂಡತಿಯನ್ನು ಕೂಗಿ ಕರೆಯಬೇಕು, ಮೋಸ ಎನ್ನಬೇಕು. ಆದರೆ ಮೋಸ ಮಾಡಿದವರು ಯಾರು? ತನ್ನ ಕಿವಿಯೇ ಒಂದೇ ಬಟ್ಟನ್ನು ಎರಡು ಮಾಡಿಕೊಂಡಿತ್ತು. ತಾನು ಇಷ್ಟು ಹೊತ್ತು ಹೊಗಳಿದ್ದು ಯಾರನ್ನು ಎಂದು ಹೊಳೆದಾಗ ನಾಚಿಕೆಗಿಂತ ಹೆಚ್ಚಾಗಿ, ಕುರ್ಚಿಯ ತುದಿಯಲ್ಲಿ ಕೂತಿದ್ದ ಆ ಹುಡುಗನ ಮುಖ ಕಣ್ಣಿಗೆ ಬಂದು ಅವನಿಗೆ ಸಂಕಟವಾಯಿತು.

ಹೆಂಡತಿ ಬಾಗಿಲಲ್ಲಿ ಬಂದು ನಿಂತಳು. ಮುಖ ತೊಳೆದುಕೊಂಡಿದ್ದಳು, ಕಣ್ಣು ಮಾತ್ರ ಕೆಂಪಗಿದ್ದವು. ಗಂಡನ ಕೈ ಎಲ್ಲಿದೆ ಎಂದು ನೋಡಿದಳು.

"ಆಗ ಏನೋ ಅಂದ್ರಲ್ಲ," ಎಂದಳು. "ನಲ್ಲಿ ಸದ್ದಲ್ಲಿ ಕೇಳ್ಲಿಲ್ಲ. ಇನ್ನೊಂದು ಸಲ ಹೇಳಿ."

ಆ ಮಾತು ಆಡಿದಾಗ ನಲ್ಲಿ ತಿರುಗಿಸಿರಲಿಲ್ಲ. ಅದು ಅವನಿಗೂ ಗೊತ್ತಿತ್ತು.

"ಮಾಡಿದೋನು ಕೆಲಸ ಗೊತ್ತಿರೋನು ಅಂದೆ," ಎಂದ ಅವನು.

ಅವಳು ಬಂದು ಕುರ್ಚಿಯಲ್ಲಿ ಕೂತಳು. ಹಾಡು ಮುಗಿಯುವವರೆಗೂ ಅವನು ಹಳೆಯದರ ಪಕ್ಕದಲ್ಲೇ ನಿಂತಿದ್ದ, ಅದರ ಬೆಚ್ಚನೆಯ ಮುಚ್ಚಳದ ಮೇಲೆ ಅಂಗೈ ಊರಿಕೊಂಡು.